ಮುಚ್ಚುವ ಮುನ್ನ

ಕಾಂಕ್ರೀಟು ಬಿದ್ದ ಮೇಲೆ ಕಂಬಿ ಯಾರಿಗೂ ಕಾಣುವುದಿಲ್ಲ. ಇಂಟರ್ನ್ ಆಗಿ ಸೈಟಿಗೆ ಬಂದವರು ಮಾಲು ಸುರಿಯುವ ಮೊದಲೇ ಅಲ್ಲಿರಬೇಕು.

*

ಅಡಿಪಾಯದಲ್ಲಿ ಕಂಬಿಗೆ 50 ಮಿ.ಮೀ. ಹೊದಿಕೆ, ಕಂಬದಲ್ಲಿ 40. ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಸಿಕ್ಕಿಸಿದ್ದರೆ ಇಂಜಿನಿಯರಿಗೆ ತೋರಿಸಿ. ಕೆಲಸ ನಿಲ್ಲಿಸುವ ಅಧಿಕಾರ ನಿಮಗಿಲ್ಲ. ಕಂಡದ್ದನ್ನು ಹೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

*

ಮಳವಳ್ಳಿ ಕಡೆಯ ಹಳೆಯ ಮೇಸ್ತ್ರಿ ಕರಣೆಯಲ್ಲಿ ಮಾಲು ಎತ್ತಿ ನೋಡಿ, "ನೀರು ಜಾಸ್ತಿ ಆಯ್ತು ಕಣಪ್ಪ" ಅನ್ನುತ್ತಾರೆ. ಕೇಳಿಸಿಕೊಳ್ಳಿ. ಆಮೇಲೆ 300 ಮಿ.ಮೀ. ಎತ್ತರದ ಸ್ಲಂಪ್ ಕೋನನ್ನೂ ಇಟ್ಟು ನೋಡಿ. ಮಾಲು ಎಷ್ಟು ಕುಸಿಯಿತೆಂಬ ಅಳತೆ ಆ ಹಿರಿಯರ ಮಾತಿಗೆ ಸಾಕ್ಷಿಯಾಗಿ ನಿಲ್ಲುತ್ತದೆ. ಗುತ್ತಿಗೆದಾರರು ಅವರನ್ನು ಗದರಿಸಿ ಸುಮ್ಮನಾಗಿಸಬಹುದು, ಅಂಕಿಯನ್ನು ಗದರಿಸಲಾಗದು.

*

ಗಟ್ಟಿತನದ ಪರೀಕ್ಷೆಗೆ ಮಾಲು ತುಂಬಿದ 150 ಮಿ.ಮೀ.ಯ ಕ್ಯೂಬುಗಳು ಪೂರ್ತಿ ಉತ್ತರ ಹೇಳುವುದು 28 ದಿನಕ್ಕೆ. ಅಷ್ಟರಲ್ಲಿ ಮೇಲಿನ ಮಹಡಿ ಎದ್ದಿರುತ್ತದೆ. ಕ್ಯೂಬಿಗೆಂದೇ ಬೇರೆ ಮಾಲು ಕಲಸುವುದು ಆ ಸೂರಿನಡಿ ಮಲಗುವವರಿಗೆ ಹೇಳುವ ಸುಳ್ಳು.

*

ಪಿ.ಪಿ.ಸಿ. ಸಿಮೆಂಟಿಗೆ ಕಡೆಯಪಕ್ಷ 10 ದಿನ ಕ್ಯೂರಿಂಗ್. ಆ ಹತ್ತರಲ್ಲಿ ಭಾನುವಾರವೂ ಸೇರಿದೆ. ಕಾಂಕ್ರೀಟಿಗೆ ಹೊದಿಸಿದ ಗೋಣಿಚೀಲ ಒದ್ದೆಯಿದೆಯೇ ಎಂದು ಮುಟ್ಟಿ ನೋಡಿ.

*

ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ, ಸುರ್ಕಿ ಗಾರೆಯಿಂದ. ಅದರ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು, ಹುಲಿಕೆರೆ ಸುರಂಗ ದಾಟಿ ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗಳಿಗೆ ಇಂದಿಗೂ ಬರುತ್ತಿದೆ. ಅಂದು ಆ ಗಾರೆ ಕಲಸಿದವರ, ಅದನ್ನು ನಿಂತು ನೋಡಿಕೊಂಡವರ ಅನ್ನವನ್ನೇ ನಾವು ಉಣ್ಣುತ್ತಿದ್ದೇವೆ. ಅದೇ ನಾಲೆಗೆ 2018ರ ನವೆಂಬರಿನಲ್ಲಿ ಕನಗನಮರಡಿ ಬಳಿ ಬಸ್ಸು ಉರುಳಿ 30 ಜನ ತೀರಿಕೊಂಡರು, ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ನಾಲೆ ಏರಿಯ ತಡೆಗೋಡೆ ನೋಡಿಬರಲು ಕಳಿಸಿದರೆ, ದೊಡ್ಡ ಸೇತುವೆಯ ಕೆಲಸ ಸಿಗಲಿಲ್ಲವೆಂದು ಯಾರೂ ಮುಖ ಸಣ್ಣ ಮಾಡಬಾರದು. ಬುಡ ಎಷ್ಟು ಆಳಕ್ಕೆ ಇಳಿದಿದೆ, ಏರಿಯ ಮಣ್ಣು ಗಟ್ಟಿಯಿದೆಯೇ, ತಿರುವಿನಲ್ಲಿ ಗೋಡೆ ತುಂಡಾಗಿದೆಯೇ? ನಡೆದೇ ನೋಡಬೇಕು, ಜೀಪಿನಲ್ಲಿ ಕೂತರೆ ಇವ್ಯಾವುವೂ ತಿಳಿಯುವುದಿಲ್ಲ.

*

1962ರಲ್ಲಿ ಶುರುವಾದ ಮಂಡ್ಯದ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜಿನಲ್ಲಿ ಸುತ್ತಲ ಹಳ್ಳಿಗಳ ಮಕ್ಕಳು ಓದಿದ್ದಾರೆ. ಇಂಥವರು ಪರೀಕ್ಷಿಸುವ ಚರಂಡಿ ಸ್ವಂತ ಊರಿನದೇ ಆಗಬಹುದು, ಗುತ್ತಿಗೆದಾರ ನೆಂಟನೇ ಆಗಬಹುದು. "ಏನು ಮಗ, ನೀನೇ ಹಿಂಗಂದ್ರೆ?" ಎಂಬ ಪ್ರೀತಿಯ ಮಾತು ಬೈಗುಳಕ್ಕಿಂತ ಕಷ್ಟ. ಅಂಥ ದಿನ ಟೇಪನ್ನು ಇನ್ನೊಂದು ಸಲ ಹಿಡಿಯಿರಿ, ಅವರ ಎದುರಿಗೇ.

*

ಬಸ್ಸಿಗೆ ಓಡುವ ಮೊದಲು ಸೈಟಿನಲ್ಲೇ ನಿಂತು ಬರೆಯಿರಿ: ತಾರೀಖು, ಯಾವ ಕಂಬ, ಎಷ್ಟು ಚೀಲ ಸಿಮೆಂಟು, ಯಾರು ಯಾರು ಇದ್ದರು. ನೋಡಲಾಗದೆ ಹೋದ ಕಂಬದ ಎದುರು "ನೋಡಿಲ್ಲ" ಎಂದೇ ಬರೆಯಿರಿ.