ಅನುಕಂಪೆಯೇ ಅಕ್ಷಯ ಸುಖದ ಮಾರ್ಗ

ಅನಾದಿಕಾಲದಿಂದ ಚತುರ್ಗತಿಗಳಲ್ಲಿ ಪರಿಭ್ರಮಿಸುತ್ತಿರುವ ಜೀವನು ಬಯಸುವುದು ಸುಖವೊಂದನ್ನೇ. ಇರುವೆಯಿಂದ ಇಂದ್ರನವರೆಗೆ ದುಃಖವನ್ನು ಬಯಸುವ ಜೀವವೇ ಇಲ್ಲ. ಆದರೆ ಸುಖವನ್ನು ಅರಸುವ ಸ್ಥಳದಲ್ಲಿ ಮನುಷ್ಯನು ತಪ್ಪುತ್ತಾನೆ. ಹೊಸ ಮನೆ, ಹೊಸ ವಾಹನ, ವರ್ಷದ ಲಾಭ ಇವು ತರುವ ಸಂತೋಷ ಕೆಲವೇ ದಿನಗಳಲ್ಲಿ ಹಳತಾಗುತ್ತದೆ. ಅನಂತ ಸುಖವು ಆತ್ಮನ ಸ್ವಭಾವವೇ ಆಗಿದ್ದು, ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳಿಂದ ಅಂಟಿದ ಕರ್ಮರಜವು ಅದನ್ನು ಮುಸುಕಿದೆ ಎಂಬುದು ಜಿನವಾಣಿಯ ಸಾರ. ಆ ಮುಸುಕು ಎಷ್ಟು ತೆಳುವಾಗುವುದೋ ಅಷ್ಟು ಸುಖ ತಾನೇ ಪ್ರಕಟವಾಗುತ್ತದೆ.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಒಂದೊಂದು ದ್ರವ್ಯದ ಉಪಕಾರವನ್ನು ಹೇಳುತ್ತಾರೆ. ಧರ್ಮದ್ರವ್ಯವು ಗತಿಗೆ, ಅಧರ್ಮದ್ರವ್ಯವು ಸ್ಥಿತಿಗೆ ನೆರವಾಗುತ್ತದೆ. ಆಕಾಶವು ಅವಕಾಶ ನೀಡುತ್ತದೆ. ಜೀವಗಳ ಉಪಕಾರವಾದರೋ ಒಂದಕ್ಕೊಂದು ನೆರವಾಗುವುದೇ. ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಸಂದರ್ಭದಲ್ಲಿ, 1974ರ ಸುಮಾರಿಗೆ, ಎಲ್ಲ ಪಂಥದವರೂ ಒಪ್ಪಿದ ಜೈನ ಲಾಂಛನದ ಅಡಿಯಲ್ಲಿ ಇರುವುದೂ ಈ ಸೂತ್ರವೇ. ಅದೇ ಗ್ರಂಥದ ಆರನೆಯ ಅಧ್ಯಾಯವು ಜೀವಿಗಳಲ್ಲಿ ಅನುಕಂಪೆ ಹಾಗೂ ದಾನವನ್ನು ಸಾತಾವೇದನೀಯಕ್ಕೆ, ಎಂದರೆ ಸುಖದ ಅನುಭವಕ್ಕೆ, ಕಾರಣಗಳೆಂದು ಎಣಿಸುತ್ತದೆ. ಏಳನೆಯ ಅಧ್ಯಾಯದ ಪ್ರಕಾರ ದಾನವು ಪಡೆಯುವವನಿಗೆ ಮಾತ್ರವಲ್ಲ, ಕೊಡುವವನಿಗೂ ಅನುಗ್ರಹ. ಪಡೆದವನ ಹಸಿವು ತೀರುತ್ತದೆ. ಕೊಟ್ಟವನ ಲೋಭ ಕರಗುತ್ತದೆ.

ಇದಕ್ಕೆ ದೊಡ್ಡ ಸಂಪತ್ತು ಬೇಕೇ? ಶ್ರವಣಬೆಳಗೊಳದ ಐತಿಹ್ಯವು ಬೇಡವೆನ್ನುತ್ತದೆ. ಗಂಗರ ಮಂತ್ರಿ ಹಾಗೂ ಸೇನಾಪತಿ ಚಾವುಂಡರಾಯನು ಸುಮಾರು 58 ಅಡಿ ಎತ್ತರದ ಬಾಹುಬಲಿ ಸ್ವಾಮಿಗೆ ಅಭಿಷೇಕ ಮಾಡಿಸಿದಾಗ ಕೊಡಗಟ್ಟಲೆ ಹಾಲು ಸುರಿದರೂ ಅದು ಪಾದಗಳವರೆಗೆ ಇಳಿಯಲಿಲ್ಲವಂತೆ. ಬಡ ಮುದುಕಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ಹಿಡಿಯಷ್ಟು ಹಾಲು ಇಡೀ ಮೂರ್ತಿಯನ್ನು ತೋಯಿಸಿ ಕೆಳಗೆ ಹರಿಯಿತು. ಚಾವುಂಡರಾಯನ ದಾನದಲ್ಲಿ ಕೊರತೆ ಇರಲಿಲ್ಲ. ಅದರೊಳಗೆ ಸೇರಿದ್ದ ಮಾನವೇ ಹಾಲನ್ನು ತಡೆದಿತ್ತು. ಇಂದಿಗೂ ಬೆಟ್ಟದ ಮೇಲೆ ಸ್ವಾಮಿಯ ಎದುರಿನಲ್ಲಿ ಆ ಗುಳ್ಳಕಾಯಜ್ಜಿಯ ಮೂರ್ತಿ ನಿಂತಿದೆ.

ಪೂರ್ವಿಕರು ಇಂಥ ಕಿರಿದಾದ ದಯೆಯನ್ನೇ ನಿತ್ಯದ ಆಚಾರವಾಗಿಸಿದ್ದರು. ನೀರನ್ನು ಸೋಸಿ ಕುಡಿಯುವುದು ಶುದ್ಧಿಗಾಗಿ ಮಾತ್ರ ಇರಲಿಲ್ಲ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಿಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಅವು ಬಂದ ಬಾವಿಗೇ ಮೆಲ್ಲನೆ ಇಳಿಬಿಡುತ್ತಿದ್ದರು. ಕಣ್ಣಿಗೆ ಕಾಣದ, ಕೃತಜ್ಞತೆ ಹೇಳಲಾರದ ಜೀವಕ್ಕೆ ಅದರ ಮನೆಯನ್ನು ಮರಳಿಸುವ ಕಾರ್ಯವದು. ದೆಹಲಿಯ ಕೆಂಪುಕೋಟೆಯ ಎದುರಿನ ಲಾಲ್ ಮಂದಿರದ ಆವರಣದಲ್ಲಿರುವ ಪಕ್ಷಿಗಳ ಆಸ್ಪತ್ರೆಯಲ್ಲಿ, ಗಾಳಿಪಟದ ದಾರಕ್ಕೆ ಸಿಕ್ಕಿ ರೆಕ್ಕೆ ಕೊಯ್ದುಕೊಂಡ ಹಕ್ಕಿಗಳಿಗೆ ನಡೆಯುವ ಉಚಿತ ಚಿಕಿತ್ಸೆಯೂ ಇದೇ ಭಾವದ್ದು. ಗುಣವಾದ ಪಾರಿವಾಳ ಹಾರಿಹೋಗುತ್ತದೆ. ಯಾರ ಹೆಸರನ್ನೂ ಅದು ನೆನಪಿಡುವುದಿಲ್ಲ.

ಅಂಗಡಿಯಲ್ಲಿ ಕುಳಿತ ಶ್ರಾವಕನಿಗೂ ಶಾಸ್ತ್ರವು ದಾರಿ ತೋರಿಸಿದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಶಕ್ತಿಗೆ ಮೀರಿ ಹೊರೆ ಹೊರಿಸುವುದು ಒಂದು, ಅನ್ನಪಾನಗಳನ್ನು ತಡೆಯುವುದು ಇನ್ನೊಂದು. ಅಳತೆ ತೂಕಗಳಲ್ಲಿ ಹೆಚ್ಚು ಕಡಿಮೆ ಮಾಡುವುದು ಅಚೌರ್ಯಾಣುವ್ರತದ ಅತಿಚಾರ. ಬೆನ್ನ ಮೇಲೆ ಚೀಲ ಹೊತ್ತ ಹಮಾಲನಿಗೆ ಇನ್ನೊಂದು ಚೀಲ ಏರಿಸದಿರುವುದು, ಗಿರಾಕಿಗಳ ಗದ್ದಲದಲ್ಲಿಯೂ ಕೆಲಸದ ಹುಡುಗನನ್ನು ಹೊತ್ತಿಗೆ ಸರಿಯಾಗಿ ಊಟಕ್ಕೆ ಕಳುಹಿಸುವುದು, ಓದಲು ಬಾರದ ರೈತನಿಗೂ ತಕ್ಕಡಿಯ ಮುಳ್ಳನ್ನು ನೇರವಾಗಿ ಹಿಡಿಯುವುದು, ಇವು ಖರ್ಚಿಲ್ಲದ ವ್ರತಗಳು. ಬಸದಿಯಲ್ಲಿ ಒಂದು ತಾಸು ಸ್ವಾಧ್ಯಾಯ ಮಾಡಿ, ಅಂಗಡಿಯಲ್ಲಿ ಹತ್ತು ತಾಸು ಅದನ್ನು ಮರೆತರೆ ಫಲವೇನು?

ಗಡಿನಾಡಿನ ಬಸದಿಗಳಲ್ಲಿ ಇನ್ನೊಂದು ದಯೆಗೂ ಅವಕಾಶವಿದೆ. ಇಲ್ಲಿ ಕನ್ನಡ, ಮರಾಠಿ, ಗುಜರಾತಿ, ಹಿಂದಿ ಮಾತನಾಡುವ ಕುಟುಂಬಗಳು ಒಂದೇ ಗಂಧೋದಕವನ್ನು ಶಿರಸ್ಸಿಗೆ ಧರಿಸುತ್ತವೆ. ಸಮವಸರಣದಲ್ಲಿ ತೀರ್ಥಂಕರರ ದಿವ್ಯಧ್ವನಿಯು ದೇವ, ಮನುಷ್ಯ, ತಿರ್ಯಂಚರೆಲ್ಲರಿಗೂ ಅವರವರ ಭಾಷೆಯಲ್ಲಿಯೇ ತಿಳಿಯುತ್ತಿತ್ತೆಂದು ಪುರಾಣಗಳು ವರ್ಣಿಸುತ್ತವೆ. ಹೊಸದಾಗಿ ಮದುವೆಯಾಗಿ ಬಂದ ಸೊಸೆಯು ಪ್ರವಚನದ ಮಾತು ಅರ್ಥವಾಗದೆ ಕಂಬದ ಮಗ್ಗುಲಲ್ಲಿ ಮೌನವಾಗಿ ಕುಳಿತಿರುವಾಗ, ಹಿರಿಯ ಶ್ರಾವಿಕೆಯೊಬ್ಬರು ಪಕ್ಕದಲ್ಲಿ ಕುಳಿತು ಅವಳ ಮಾತಿನಲ್ಲಿ ಅದರ ಭಾವವನ್ನು ತಿಳಿಸಿದರೆ ಅದೇ ಜ್ಞಾನದಾನ. ಆ ಹೆಣ್ಣುಮಗಳಿಗೆ ಪರಊರಿನ ಬಸದಿಯು ಅಂದಿನಿಂದ ತವರಿನ ಬಸದಿಯಾಗುತ್ತದೆ.

ಉತ್ಸವದಲ್ಲಿ ಕಲಶಗಳ ಸವಾಲುಗಳು ನಡೆಯುತ್ತವೆ, ದಾನಿಗಳ ಹೆಸರುಗಳು ಫಲಕದಲ್ಲಿ ಬರುತ್ತವೆ. ಬಸದಿಯ ಜೀರ್ಣೋದ್ಧಾರಕ್ಕೂ ಅನ್ನದಾನಕ್ಕೂ ಅವು ಅವಶ್ಯ. ಅಂಥ ದಾನಿಗಳು ಸ್ತುತ್ಯರ್ಹರು. ಆದರೆ ಪುಣ್ಯವೂ ಕರ್ಮವೇ. ಉದಯಕ್ಕೆ ಬಂದು, ಫಲ ಕೊಟ್ಟು, ತೀರಿಹೋಗುತ್ತದೆ. ಹೆಸರಿನ ಆಸೆ ಬೆರೆತರೆ ದಾನದ ಹೊತ್ತಿನಲ್ಲಿಯೇ ಮಾನಕಷಾಯವೂ ಬೆಳೆಯುತ್ತದೆ. ಯಾರೂ ನೋಡದ ಕಡೆ ಮಾಡಿದ ಸಣ್ಣ ಉಪಕಾರದಲ್ಲಿ ಮಾನಕ್ಕೆ ಆಹಾರವಿಲ್ಲ, ಪ್ರತಿಫಲದ ಲೆಕ್ಕವಿಲ್ಲದುದರಿಂದ ಲೋಭಕ್ಕೂ ಎಡೆಯಿಲ್ಲ. ಆ ಕ್ಷಣದಲ್ಲಿ ಅನುಭವಕ್ಕೆ ಬರುವ ನಿರಾಳತೆ ಹೊರಗಿನಿಂದ ಬಂದದ್ದಲ್ಲ, ಆತ್ಮನದೇ ಸುಖದ ಒಂದು ಹನಿ. ಆದುದರಿಂದಲೇ ಅದು ಹಳತಾಗುವುದಿಲ್ಲ. ಅಭ್ಯಾಸದಿಂದ ಹನಿ ಹೆಚ್ಚುತ್ತದೆ. ಕಷಾಯಗಳ ಸಂಪೂರ್ಣ ಕ್ಷಯದ ದಾರಿಯಲ್ಲಿ ಅದೇ ಪಾಥೇಯವಾಗುತ್ತದೆ.

ರಥ ಎಳೆದು, ಪೂಜೆ ಮುಗಿಸಿ ಮನೆಗೆ ತೆರಳುವ ಪ್ರತಿಯೊಬ್ಬ ಶ್ರಾವಕ ಶ್ರಾವಿಕೆಯರೂ ದಿನಕ್ಕೊಂದು ಕಿರು ಉಪಕಾರವನ್ನು, ಯಾರಿಗೂ ಹೇಳದೆ, ನಿಯಮವಾಗಿ ಸ್ವೀಕರಿಸಲಿ. ಬರುವ ವರ್ಷದ ಉತ್ಸವದ ಹೊತ್ತಿಗೆ ಅದು 365 ಗುಳ್ಳಕಾಯಿ ಹಾಲಾಗುತ್ತದೆ. ಸಕಲ ಜೀವಿಗಳಿಗೂ ಮಂಗಳವಾಗಲಿ.

ಜೈ ಜಿನೇಂದ್ರ.