ಸರ್ವಾನುಮತದಿಂದ

ನಡವಳಿ ಪುಸ್ತಕ ಬರೆದು ಕೈ ಪಳಗಿದವರಿಗೆ ಒಂದು ಮಾತು ಚೆನ್ನಾಗಿ ಗೊತ್ತು: ಸಭೆಯಲ್ಲಿ ನಡೆದದ್ದು ಬೇರೆ, ಪುಸ್ತಕದಲ್ಲಿ ಉಳಿಯುವುದು ಬೇರೆ. ಎರಡು ಗಂಟೆಯ ಕೂಗಾಟ, ಮುನಿಸು, ನಡುವೆ ಎದ್ದುಹೋದವರನ್ನು ಮನೆಯವರೆಗೂ ಹೋಗಿ ಕರೆತಂದದ್ದು, ಎರಡು ಸಲ ಚಹಾ ಆದದ್ದು, ಇವೆಲ್ಲವೂ ಕೊನೆಗೆ ಒಂದೇ ಸಾಲಿನಲ್ಲಿ ಅಡಗಿಹೋಗುತ್ತವೆ: 'ಸರ್ವಾನುಮತದಿಂದ ನಿರ್ಣಯಿಸಲಾಯಿತು.' ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯನಾಗಿ ನಾನು ಆ ಸಾಲನ್ನು ಎಷ್ಟು ಸಲ ಬರೆದಿದ್ದೇನೆಯೋ ಲೆಕ್ಕವಿಟ್ಟಿಲ್ಲ. ಈಗ ನಿವೃತ್ತನಾಗಿ ಬೀದರಿನಲ್ಲಿ ಮನೆ ಮಾಡಿಕೊಂಡಿದ್ದೇನೆ. ಬರೆದದ್ದೆಲ್ಲ ಮರೆತುಹೋಗಿದೆ, ಒಂದು ಸರ್ವಾನುಮತ ಮಾತ್ರ ಮರೆಯಲು ಒಪ್ಪುತ್ತಿಲ್ಲ.

ಅದು ಔರಾದ ತಾಲ್ಲೂಕಿನ ಒಂದು ಸಣ್ಣ ಊರು. ಊರಿನ ಒಂದು ಮಗ್ಗುಲಿಗೆ ಲಂಬಾಣಿ ತಾಂಡ. ಗಡಿ ಹತ್ತಿರವಾದುದರಿಂದ ಸಂತೆಯಲ್ಲಿ ಕನ್ನಡದಷ್ಟೇ ಮರಾಠಿಯೂ ಕಿವಿಗೆ ಬೀಳುತ್ತದೆ. ಉರ್ದು ಯಾರಿಗೂ ಹೊಸದಲ್ಲ. ತಾಂಡದ ಮನೆಗಳಲ್ಲಿ ಲಂಬಾಣಿ ಮಾತು. ಶಾಲೆಯ ಫಲಕ ಮಾತ್ರ ಕನ್ನಡದ್ದು. 2019ರ ಬೇಸಗೆಯಲ್ಲಿ, ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯುವುದಾಗಿ ಸರ್ಕಾರ ಹೇಳಿತ್ತು. ನಮ್ಮ ಊರಿಗೂ ಅದು ಬೇಕು ಎಂದು ಕೇಳಿಕೊಳ್ಳುವ ಸಲುವಾಗಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆ ಸೇರಿತು.

ಈ ಸಮಿತಿಯ ವಿಷಯ ಪಟ್ಟಣದ ಓದುಗರಿಗೆ ಅಷ್ಟಾಗಿ ತಿಳಿದಿರಲಿಕ್ಕಿಲ್ಲ. ಪಟ್ಟಣದವರ ಮಕ್ಕಳು ಸರ್ಕಾರಿ ಶಾಲೆಗೆ ಹೋಗುವುದು ಕಡಿಮೆ. ನಮ್ಮ ರಾಜ್ಯದಲ್ಲಿ ಅದು 2001ರಲ್ಲಿ ಹುಟ್ಟಿತು. 2009ರ ಶಿಕ್ಷಣದ ಹಕ್ಕಿನ ಕಾಯಿದೆ ಅಂಥ ಸಮಿತಿಗೆ ದೇಶದಾದ್ಯಂತ ಸ್ಥಾನ ಕೊಟ್ಟಿತು. ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಮಕ್ಕಳ ತಂದೆತಾಯಿಗಳು ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು, ಹಿಂದುಳಿದವರ ಮಕ್ಕಳ ಪಾಲಕರಿಗೆ ತಕ್ಕ ಪ್ರಮಾಣದಲ್ಲಿ ಜಾಗವಿರಬೇಕು. ಅಧ್ಯಕ್ಷರು ಒಬ್ಬ ಪಾಲಕರು, ಮುಖ್ಯೋಪಾಧ್ಯಾಯ ಕಾರ್ಯದರ್ಶಿ. ಶಾಲೆಗೆ ಏನು ಬೇಕೆಂದು ಯೋಜನೆ ಬರೆಯುವುದು ಈ ಸಮಿತಿಯ ಕೆಲಸ. ಆ ಯೋಜನೆಯ ಆಧಾರದ ಮೇಲೆಯೇ ಸರ್ಕಾರ ಹಣ ಕೊಡಬೇಕೆಂಬುದು ಕಾಯಿದೆಯ ಆಶಯ. ಬಡವನ ಕೈಗೆ ಇಷ್ಟು ಅಧಿಕಾರ ಕೊಟ್ಟ ಕಾನೂನುಗಳು ನಮ್ಮಲ್ಲಿ ಹೆಚ್ಚಿಲ್ಲ.

ಅಂದಿನ ಸಭೆಯಲ್ಲಿ ನಾನು ಕನ್ನಡದ ಪರವಾಗಿ ಮಾತನಾಡಿದೆ. ಇದ್ದ ಶಿಕ್ಷಕರಿಗೇ ಕೆಲವು ದಿನದ ತರಬೇತಿ ಕೊಟ್ಟು ಇಂಗ್ಲಿಷಿನಲ್ಲಿ ಗಣಿತ ಹೇಳಿಸಿದರೆ ಮಗುವಿಗೆ ಇಂಗ್ಲಿಷೂ ಬರುವುದಿಲ್ಲ, ಗಣಿತವೂ ಬರುವುದಿಲ್ಲ ಎಂದೆ. ಅಧ್ಯಕ್ಷರು ನಕ್ಕು, "ಸರ್, ನಿಮ್ಮ ಮೊಮ್ಮಕ್ಕಳು ಯಾವ ಸಾಲ್ಯಾಗ ಓದ್ತಾವ್ರಿ?" ಎಂದು ಕೇಳಿದರು. ನನ್ನ ಮೊಮ್ಮಕ್ಕಳು ಓದುವುದು ಹೈದರಾಬಾದಿನಲ್ಲಿ, ಇಂಗ್ಲಿಷ್ ಮಾಧ್ಯಮದಲ್ಲಿ. ಅಲ್ಲಿಗೆ ನನ್ನ ವಾದ ಮುಗಿಯಿತು.

ಹೊರಡುವ ಹೊತ್ತಿಗೆ, ಬಾಗಿಲ ಬಳಿ ಕುಳಿತಿದ್ದ ತಾಂಡದ ಒಬ್ಬ ತಾಯಿ ಬಾಯಿ ತೆರೆದಳು. ಎರಡು ಗಂಟೆಯಲ್ಲಿ ಅವಳು ಆಡಿದ್ದು ಅದೊಂದೇ ಮಾತು. "ಸರ್, ನಾವು ದೀವಳಿಗಿ ಆದ ಮ್ಯಾಲ ಕಬ್ಬು ಕಡಿಲಾಕ ಹೋಗ್ತೇವ್ರಿ. ಉಗಾದಿಗಿ ತಿರುಗಿ ಬರ್ತೇವು. ಬಂದಾಗ ನನ್ನ ಹುಡುಗಗ ಯಾವ ಕ್ಲಾಸಿನಾಗ ಕೂಡಸ್ತೀರಿ?" ಅದು ಕನ್ನಡವೋ ಇಂಗ್ಲಿಷೋ ಎಂಬ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಯಾರೋ, "ಅದು ಇವತ್ತಿನ ವಿಷಯ ಅಲ್ಲವಾ" ಎಂದರು. ನಾನು, "ಆಮೇಲೆ ನೋಡೋಣ, ತಾಯಿ" ಎಂದೆ. ಖಾಲಿ ಹಾಳೆಯ ಕೆಳಗೆ ಒಬ್ಬೊಬ್ಬರಾಗಿ ಸಹಿ ಹಾಕಿದರು. ಅವಳು ಹೆಬ್ಬೆಟ್ಟು ಒತ್ತಿದಳು. ಎಲ್ಲರೂ ಹೋದ ಮೇಲೆ ನಾನು ನಿಧಾನವಾಗಿ, ಅಂದವಾದ ಅಕ್ಷರದಲ್ಲಿ ನಿರ್ಣಯವನ್ನು ಬರೆದೆ: ಸರ್ವಾನುಮತದಿಂದ.

ಇದರಲ್ಲಿ ತಪ್ಪೇನು ಎಂದು ಓದುಗರು ಕೇಳಬಹುದು. ಅವಳು ನಿರ್ಣಯವನ್ನು ವಿರೋಧಿಸಲಿಲ್ಲ. ನಾನು ಹಣ ತಿನ್ನಲಿಲ್ಲ; ಸುಳ್ಳು ಲೆಕ್ಕ ಬರೆಯಲಿಲ್ಲ. ಬಹುಮತಕ್ಕೆ ತಲೆಬಾಗಿ ನನ್ನ ಅಭಿಪ್ರಾಯವನ್ನೂ ಬಿಟ್ಟುಕೊಟ್ಟೆ. ಲೋಕದ ಲೆಕ್ಕದಲ್ಲಿ ಇದು ತಪ್ಪಲ್ಲ. ಆದರೆ ಈ ಸಮಾಧಾನ ನನಗೆ ಹತ್ತುತ್ತಿಲ್ಲ. ಹತ್ತದಿರುವುದಕ್ಕೆ ಕಾರಣವನ್ನು ಹುಡುಕುತ್ತ ಹೋದರೆ ಒಂದು ಹಳೆಯ ಪ್ರಶ್ನೆಯೇ ಎದುರಾಗುತ್ತದೆ. ಮಗುವಿನ ಪರವಾಗಿ ನಿರ್ಧಾರ ಮಾಡುವ ಅಧಿಕಾರ ಯಾರದು? ನಿರ್ಧರಿಸುವವರು ನಾವು, ಅದರ ಫಲವನ್ನು ಅರವತ್ತು ವರ್ಷ ಹೊರಬೇಕಾದವನು ಹೊರಗೆ ಗೋಲಿ ಆಡುತ್ತಿರುತ್ತಾನೆ.

ನಮ್ಮ ಬೀದರ್ ಜಿಲ್ಲೆಗೆ ಈ ಪ್ರಶ್ನೆ ಹೊಸದಲ್ಲ. ಇಲ್ಲಿ ಶಾಲೆಯ ಮಾತು ಯಾವುದಾಗಬೇಕೆಂದು ಅನೇಕರು ಅನೇಕ ಸಲ ತೀರ್ಮಾನಿಸಿದ್ದಾರೆ, ಪ್ರತಿಯೊಬ್ಬರೂ ಒಳ್ಳೆಯ ಉದ್ದೇಶದಿಂದಲೇ. ನಿಜಾಮರ ಸರ್ಕಾರ ಉರ್ದುವನ್ನು ಆರಿಸಿತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉಚ್ಚಶಿಕ್ಷಣವೂ ಉರ್ದುವಿನಲ್ಲಿ ನಡೆಯಿತು. ಇಂಗ್ಲಿಷನ್ನು ಬಿಟ್ಟು ದೇಶದ ಭಾಷೆಯೊಂದರಲ್ಲಿ ವಿದ್ಯೆ ಕೊಡುತ್ತೇವೆಂಬ ಹೆಮ್ಮೆ ಅದರ ಹಿಂದೆ ಇತ್ತು. ಆ ಹೆಮ್ಮೆ ಪೊಳ್ಳಾಗಿರಲಿಲ್ಲ. ಆದರೆ ಭಾಲ್ಕಿಯ ಒಕ್ಕಲಿಗನ ಮಗನಿಗೆ ಆ ದೇಶಭಾಷೆ ತನ್ನ ಮನೆಯ ಭಾಷೆಯಾಗಿರಲಿಲ್ಲ. ಅವನನ್ನು ಯಾರೂ ಕೇಳಲಿಲ್ಲ.

ಆ ದಿನಗಳಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಮಾಡಿದ ಕೆಲಸ ನಮ್ಮ ಕಡೆ ಮನೆಮಾತು. ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ನಾನು ಚಿಕ್ಕವನಾಗಿದ್ದಾಗ ಹಿರಿಯರು ಈ ಕಥೆ ಹೇಳಿ ನಗುತ್ತಿದ್ದರು. ಸರ್ಕಾರಕ್ಕೆ ಮಣ್ಣೆರಚಿದ ಜಾಣತನವೆಂದು ನಾವೂ ನಗುತ್ತಿದ್ದೆವು. ಶಿಕ್ಷಕನಾದ ಮೇಲೆ ನನಗೆ ಬೇರೊಂದು ಯೋಚನೆ ಬಂತು. ಫಲಕದ ಮೇಲೆ ಒಂದು ಬರೆದು ಒಳಗೆ ಇನ್ನೊಂದು ನಡೆಸುವುದು ಸುಳ್ಳಲ್ಲವೆ? ಮಕ್ಕಳಿಗೆ ಸತ್ಯ ಹೇಳಬೇಕೆಂದು ಕಲಿಸುವ ಕಟ್ಟಡದ ಬಾಗಿಲಲ್ಲೇ ಸುಳ್ಳು ತೂಗಾಡಬಹುದೆ?

ಈಗ ನನಗೆ ತೋರುವುದು ಹೀಗೆ. ಆ ಸುಳ್ಳನ್ನು ಹೇಳಿದ್ದು ಬಲಶಾಲಿಗೆ, ಮಗುವಿಗಲ್ಲ. ಬಾಗಿಲು ದಾಟಿ ಒಳಗೆ ಬಂದ ಹುಡುಗನಿಗೆ ಅವರು ವಂಚನೆ ಮಾಡಲಿಲ್ಲ. ಸಿಕ್ಕಿಬಿದ್ದಿದ್ದರೆ ಶಿಕ್ಷೆ ಅನುಭವಿಸುವವರು ಅವರೇ ಆಗಿದ್ದರು. ಪಟ್ಟದ್ದೇವರೂ ಯಾರ ಸರ್ವಾನುಮತವನ್ನೂ ಕೇಳಿದಂತೆ ಕಾಣುವುದಿಲ್ಲ. ಮಕ್ಕಳ ಪರವಾಗಿ ತಾವೇ ತೀರ್ಮಾನಿಸಿದರು. ಆದರೆ ತೀರ್ಮಾನದ ಭಾರವನ್ನೂ ತಾವೇ ಹೊತ್ತರು. ಪಾಠ ಹೇಳಿ ಕೈತೊಳೆದುಕೊಳ್ಳಲಿಲ್ಲ. ದೂರದೂರಿನಿಂದ ಬಂದ ಬಡ ಹುಡುಗರಿಗೆ ಪ್ರಸಾದನಿಲಯ ನಡೆಸಿ, ಉಣ್ಣಿಸಿ, ಜೊತೆಯಲ್ಲಿಟ್ಟುಕೊಂಡು ಓದಿಸಿದರು. ನೂರು ದಾಟಿದ ಆಯುಷ್ಯದಲ್ಲಿ, 1999ರಲ್ಲಿ ಅವರು ಲಿಂಗೈಕ್ಯರಾಗುವ ಹೊತ್ತಿಗೆ, ಅಂದು ಕಲಿತ ಹುಡುಗರ ಮೊಮ್ಮಕ್ಕಳು ಶಾಲೆಗೆ ಹೋಗುತ್ತಿದ್ದರು. ತಮ್ಮ ನಿರ್ಧಾರದ ಫಲ ಏನಾಯಿತೆಂದು ಕಣ್ಣಾರೆ ನೋಡುವವರೆಗೂ ಅವರು ಆ ಮಕ್ಕಳ ನಡುವೆಯೇ ಇದ್ದರು.

1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ಬೀದರ್ ಜಿಲ್ಲೆ ಹರಿದು ಹಂಚಿಹೋಯಿತು. ಉದಗೀರ, ನಿಲಂಗಾ, ಅಹಮದಪುರಗಳು ಮರಾಠಿಯ ಕಡೆಗೆ, ನಾರಾಯಣಖೇಡ, ಜಹೀರಾಬಾದುಗಳು ತೆಲುಗಿನ ಕಡೆಗೆ ಹೋದವು. ಬೀದರ್, ಭಾಲ್ಕಿ, ಔರಾದ ಕನ್ನಡಕ್ಕೆ ಉಳಿದವು. ನಮ್ಮ ತಲೆಮಾರಿನವರು ಬೆಳೆದದ್ದು ಆ ಗೆಲುವಿನ ಬಿಸಿಲಿನಲ್ಲಿ. ಮಗುವಿಗೆ ಮನೆಯ ಮಾತಿನಲ್ಲಿ ಕಲಿಸಬೇಕು ಎಂಬುದು ನಮಗೆ ವಾದವಾಗಿರಲಿಲ್ಲ, ನಂಬಿಕೆಯಾಗಿತ್ತು. ಅದೇ ನಂಬಿಕೆಯನ್ನು ಹಿಡಿದುಕೊಂಡು ಅಂದಿನ ಸಭೆಯಲ್ಲಿ ನಾನು ಮಾತನಾಡಿದ್ದು. ಬಾಗಿಲ ಬಳಿ ಕುಳಿತವಳ ಮಗನಿಗೆ ಕನ್ನಡವೂ ಮನೆಯ ಮಾತಲ್ಲ ಎಂಬುದು ಮಾತನಾಡುವಾಗ ನನ್ನ ನೆನಪಿಗೇ ಬರಲಿಲ್ಲ. ಅವನಿಗೆ ಕನ್ನಡವಾಗಲಿ ಇಂಗ್ಲಿಷಾಗಲಿ ಶಾಲೆಯ ಹೊಸ್ತಿಲು ದಾಟಿದ ಮೇಲೆ ಸಿಗುವ ಸರಕು. ಉರ್ದು ಫಲಕದ ಕೆಳಗೆ ನಮ್ಮ ತಾತಂದಿರು ಪಟ್ಟ ಸಂಕಟವನ್ನು ನಾವು ಕಥೆ ಮಾಡಿ ಹೇಳುತ್ತೇವೆ. ನಮ್ಮ ಫಲಕದ ಕೆಳಗೆ ನಿಂತವನ ಸಂಕಟ ನಮಗೆ ಕಾಣುವುದಿಲ್ಲ.

ಹಾಗಾದರೆ ತೀರ್ಮಾನವನ್ನು ತಂದೆತಾಯಿಗಳಿಗೇ ಬಿಟ್ಟುಬಿಡಬಹುದಲ್ಲ ಎನ್ನುವವರಿದ್ದಾರೆ. ಪ್ರಾಥಮಿಕ ಶಿಕ್ಷಣದ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಮಗುವಿನ ಪರವಾಗಿ ಆರಿಸುವ ಹಕ್ಕು ಪಾಲಕರದು ಎಂದು 2014ರಲ್ಲಿ ನಮ್ಮ ರಾಜ್ಯದ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಆ ತೀರ್ಪಿನಲ್ಲಿ ಒಂದು ಗಟ್ಟಿಯಾದ ನ್ಯಾಯವಿದೆ. ಪರರ ಮಕ್ಕಳ ಮೇಲೆ ನನ್ನ ಆದರ್ಶವನ್ನು ಪ್ರಯೋಗಿಸಿ, ನನ್ನ ಮೊಮ್ಮಕ್ಕಳನ್ನು ಹೈದರಾಬಾದಿಗೆ ಕಳಿಸುವ ಹಕ್ಕು ನನಗಿಲ್ಲ. ಅಧ್ಯಕ್ಷರು ನಕ್ಕಾಗ ನನ್ನ ಬಾಯಿ ಕಟ್ಟಿದ್ದು ಅದಕ್ಕೇ. ಆದರೆ ಆರಿಸಿಕೊಳ್ಳುವ ಹಕ್ಕು ನಾಲ್ಕು ದಾರಿ ಇರುವವನಿಗೆ ಸಿಗುತ್ತದೆ. ಆ ತಾಯಿಯ ಮುಂದೆ ಇದ್ದದ್ದು ಕಬ್ಬಿನ ಗದ್ದೆಗೆ ಹೋಗುವ ಒಂದೇ ದಾರಿ. ಅವಳು ಕೇಳಿದ್ದು ಮಾಧ್ಯಮವನ್ನಲ್ಲ. ಹೋದವನಿಗೆ ತಿರುಗಿ ಬರಲು ಬಾಗಿಲು ತೆರೆದಿರುತ್ತದೆಯೇ ಎಂಬುದನ್ನು.

ಆದುದರಿಂದ, ಅಧಿಕಾರ ಯಾರದು ಎಂಬ ಪ್ರಶ್ನೆಗೆ ಪೂರ್ತಿ ಒಪ್ಪುವಂಥ ಉತ್ತರ ಇದೆಯೆಂದು ನನಗೆ ಅನ್ನಿಸುವುದಿಲ್ಲ. ಸರ್ಕಾರ ಮಗುವಲ್ಲ, ಸಮಿತಿ ಮಗುವಲ್ಲ, ತಾಯಿ ಕೂಡ ಮಗುವಲ್ಲ. ಮಗು ದೊಡ್ಡವನಾಗಿ ತನ್ನ ಮಾತು ಹೇಳುವವರೆಗೆ ಶಾಲೆಯನ್ನು ಮುಚ್ಚಿಡುವಂತೆಯೂ ಇಲ್ಲ. ಯಾರಾದರೂ ತೀರ್ಮಾನಿಸಲೇಬೇಕು. ಆದರೆ ಹಾಗೆ ತೀರ್ಮಾನಿಸುವವನ ಮೇಲೆ ಒಂದು ಸಾಲ ಬೀಳುತ್ತದೆ. ತನ್ನ ತೀರ್ಮಾನದಿಂದ ಹೊರಗುಳಿಯುವವನು ಯಾರು ಎಂದು ಕೇಳಿ, ಅವನ ಹೆಸರನ್ನು ಬರೆದಿಡುವುದೇ ಆ ಸಾಲ. ಅದನ್ನು ಕೂಡಲೇ ತೀರಿಸಲಾಗದೆ ಇರಬಹುದು. ಸಾಲವೇ ಇಲ್ಲವೆಂದು ಬರೆಯಬಾರದು. 'ಸರ್ವಾನುಮತ' ಎಂಬುದು ಎಷ್ಟೋ ಸಲ ಸಾಲವಿಲ್ಲವೆಂದು ಬರೆದುಕೊಡುವ ರಸೀದಿ.

ನನ್ನ ವಿಷಯದಲ್ಲಿ ಇದು ಬರಿಯ ತತ್ತ್ವವಲ್ಲ. ಅವಳ ಪ್ರಶ್ನೆಗೆ ಉತ್ತರ ಕಾಯಿದೆಯಲ್ಲೇ ಇತ್ತು. ಓದು ನಡುವೆ ನಿಂತ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದೆ ಬಿದ್ದದ್ದನ್ನು ತುಂಬಲು ವಿಶೇಷ ತರಬೇತಿ ಕೊಡಬೇಕೆಂದು ಅದರ ನಾಲ್ಕನೆಯ ಕಲಮು ಹೇಳುತ್ತದೆ. ಗುಳೆ ಹೋಗುವವರ ಮಕ್ಕಳನ್ನು ಊರಿನಲ್ಲೇ ಇರಿಸಿಕೊಳ್ಳಲು ಆ ಕೆಲವು ತಿಂಗಳ ಮಟ್ಟಿಗೆ ವಸತಿ ಏರ್ಪಾಡು ಮಾಡುವ ಪದ್ಧತಿಯೂ ಉಂಟು. ಅವಳ ಮಾತನ್ನು ನಡವಳಿಯಲ್ಲಿ ಒಂದು ಸಾಲು ಬರೆದಿದ್ದರೆ ಅದು ಶಾಲೆಯ ಯೋಜನೆಗೆ ಸೇರುತ್ತಿತ್ತು. ಯೋಜನೆಗೆ ಸೇರಿದ್ದರೆ ಮೇಲಿನವರು ಹೂಂ ಎನ್ನಬೇಕಿತ್ತು, ಇಲ್ಲವೆ ಇಲ್ಲವೆಂದು ಕಾಗದದ ಮೇಲೆ ಬರೆಯಬೇಕಿತ್ತು. ಇದೆಲ್ಲ ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಊಟದ ಹೊತ್ತು ಮೀರಿತ್ತು; ಬಸ್ಸಿಗೆ ತಡವಾಗುತ್ತಿತ್ತು.

ದೀಪಾವಳಿ ಆಯಿತು, ಅವರು ಹೋದರು. ಯುಗಾದಿಗೆ ಬಂದರೋ ಇಲ್ಲವೋ ನಾನು ವಿಚಾರಿಸಲಿಲ್ಲ. 2020ರ ಆ ಯುಗಾದಿಯ ಹೊತ್ತಿಗೆ ರೋಗದ ಭಯದಿಂದ ದೇಶದ ಶಾಲೆಗಳೇ ಬಾಗಿಲು ಹಾಕಿದ್ದವು. ಮತ್ತೆ ತೆರೆದಾಗ ಹಾಜರಿಯಲ್ಲಿ ಅವನ ಹೆಸರು ಮುಂದಿನ ತರಗತಿಗೆ ಏರಿತ್ತು. ಹೆಸರಿನ ಮುಂದೆ ಹುಡುಗ ಇರಲಿಲ್ಲ.

ಸಂಜೆ ತಿರುಗಾಡಲು ಹೋದಾಗ ನಾನು ಮಹಮೂದ್ ಗವಾನನ ಮದರಸಾದ ಮುಂದೆ ಕೂಡುವುದುಂಟು. ಇರಾನಿನ ಗೀಲಾನಿನಿಂದ ಬಂದ ಆ ಮಂತ್ರಿ 1472ರಲ್ಲಿ ಕಟ್ಟಿಸಿದ ವಿದ್ಯಾಶಾಲೆ ಅದು. ಅರ್ಧ ಬಿದ್ದುಹೋಗಿದೆ, ಉಳಿದ ಮಿನಾರಿನ ಮೇಲೆ ಬಣ್ಣದ ಹಂಚು ಇನ್ನೂ ಹೊಳೆಯುತ್ತದೆ. ಅವನ ಕೊನೆಯ ಕಥೆ ಬೀದರಿನವರಿಗೆ ಗೊತ್ತಿದೆ. ವೈರಿಗಳು ಅವನ ಮುದ್ರೆಯವನನ್ನು ಒಲಿಸಿಕೊಂಡು ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿದರು. ಆಮೇಲೆ ಅದರ ಮೇಲೆ ತಮಗೆ ಬೇಕಾದ ರಾಜದ್ರೋಹದ ಪತ್ರ ಬರೆದರು. ಸುಲ್ತಾನ ಅದನ್ನು ನಂಬಿದ. 1481ರಲ್ಲಿ ಗವಾನನ ತಲೆ ಹೋಯಿತು.

ಈ ಕಥೆಯನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹೇಳುವಾಗಲೆಲ್ಲ ಆ ಪತ್ರ ಬರೆದವನನ್ನು ದುಷ್ಟನೆಂದು ಬಯ್ದಿದ್ದೇನೆ. ಈಗ ಆ ಭಾಗ ಬಂದಾಗ ನನ್ನ ಬಾಯಿ ತಡವರಿಸುತ್ತದೆ. ನಾನೂ ಹೆಬ್ಬೆಟ್ಟು ಮೊದಲು ತೆಗೆದುಕೊಂಡೆ, ಬರೆದದ್ದು ಆಮೇಲೆ.