ಹೆತ್ತವಳ ಹೆಬ್ಬೆಟ್ಟು, ಮಗುವಿನ ಕಡತ

ಕಿತ್ತೂರು ಚೆನ್ನಮ್ಮನ ಇತಿಹಾಸ ಓದಿ ಬೆಳೆದ ನಮಗೆಲ್ಲ ದತ್ತಕ ಎಂಬ ಮಾತು ಶಾಲೆಯ ಪಾಠದಲ್ಲೇ ಪರಿಚಯ. 1824ರಲ್ಲಿ ಕಿತ್ತೂರಿನ ದೊರೆ ಮಕ್ಕಳಿಲ್ಲದೆ ತೀರಿಕೊಂಡಾಗ, ದತ್ತು ಬಂದ ಬಾಲಕನನ್ನು ವಾರಸುದಾರನೆಂದು ಒಪ್ಪಲು ಧಾರವಾಡದ ಕಲೆಕ್ಟರ್ ಥ್ಯಾಕರೆ ನಿರಾಕರಿಸಿದ, ಯುದ್ಧವೇ ನಡೆದುಹೋಯಿತು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ದತ್ತುಪುತ್ರನಿಗೆ ಬ್ರಿಟಿಷರ ಮನ್ನಣೆ ದೊರಕಿಸಲು ಹೆಣಗಿದರು. ಆ ದತ್ತುಪುತ್ರ ಚಾಮರಾಜೇಂದ್ರ ಒಡೆಯರ ಕೈಗೆ 1881ರಲ್ಲಿ ರಾಜ್ಯ ಮರಳಿತು. ಸಂಸ್ಥಾನ ಉಳಿಯಬೇಕು, ವಂಶ ಬೆಳೆಯಬೇಕು, ಪಿಂಡ ಇಡಲು ಮಗನೊಬ್ಬ ಬೇಕು. ನಮ್ಮಲ್ಲಿ ದತ್ತು ಬೆಳೆದು ಬಂದದ್ದು ಇಂಥ ಅಗತ್ಯಗಳಿಂದ. ಈ ಕಥೆಗಳಲ್ಲೆಲ್ಲ ಮಗುವನ್ನು ಪಡೆದ ಮನೆಯ ಹೆಸರು ದೊಡ್ಡದಾಗಿದೆ. ಮಗುವನ್ನು ಕೊಟ್ಟ ತಾಯಿ ಏನೆಂದಳು ಎಂಬ ಮಾತು ನಮ್ಮ ಪಾಠಗಳಲ್ಲಿ ಎಲ್ಲೂ ಬರಲಿಲ್ಲ.

ದತ್ತು ಪದ್ಧತಿಯ ಸುಧಾರಣೆ ಎಂದಾಗ ನನ್ನ ಮನಸ್ಸು ಮೊದಲು ಹೋಗುವುದು ಬರೆಯದೆ ಬಿಟ್ಟ ಈ ಭಾಗದ ಕಡೆಗೆ. ದತ್ತಿನ ಹೆಸರಿನಲ್ಲಿ ನಡೆದ ಅನ್ಯಾಯಗಳನ್ನು ಬಿಡಿಸಿ ನೋಡಿದರೆ ಹೆಚ್ಚಿನವುಗಳ ಬುಡದಲ್ಲಿ ಒಂದು ಸುಳ್ಳು ಕಾಗದ ಸಿಗುತ್ತದೆ. ತಾಯಿ ಬದುಕಿದ್ದರೂ ಮಗು ಅನಾಥ ಎಂದು ಬರೆದದ್ದು, ಓದು ಬಾರದವಳಿಂದ ಹೆಬ್ಬೆಟ್ಟು ಒತ್ತಿಸಿಕೊಂಡದ್ದು, ಹುಟ್ಟಿದ ದಿನವನ್ನೂ ಊರನ್ನೂ ಬದಲಿಸಿದ್ದು. ಸಾಕಿದವರ ಪ್ರೀತಿ ಎಷ್ಟೇ ನಿಜವಾಗಿರಲಿ, ಅಂಥ ಕಾಗದದಿಂದ ಶುರುವಾದ ಸಂಸಾರದಲ್ಲಿ ಮಗುವಿಗೆ ಒಂದು ಅನ್ಯಾಯ ಆಗಿಯೇ ಇರುತ್ತದೆ. ಮಗುವಿನ ಕಡತದಲ್ಲಿ ಸತ್ಯವೇ ಇರುವಂತೆ ನೋಡಿಕೊಳ್ಳುವುದು ದತ್ತಿನ ಮೊದಲ ನೀತಿ. ಪರದೇಶದಲ್ಲಿ ನೆಲೆಸಿದ ಕನ್ನಡಿಗರಿಗೂ ಈ ಕೆಲಸದಲ್ಲಿ ಪಾಲಿದೆ ಎಂದು ನಂಬಿ ಇದನ್ನು ಬರೆಯುತ್ತಿದ್ದೇನೆ.

ಹಳೆಯ ಪದ್ಧತಿಯನ್ನು ಮೊದಲು ಬದಲಿಸಿದ್ದು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ. ಹೆಣ್ಣುಮಗುವನ್ನೂ ದತ್ತು ಪಡೆಯಬಹುದು ಎಂದಿತು. ವಿಧವೆಗೂ ಅವಿವಾಹಿತೆಗೂ ತಮ್ಮ ಹೆಸರಿನಲ್ಲೇ ದತ್ತು ಪಡೆಯುವ ಅಧಿಕಾರ ಕೊಟ್ಟಿತು. ಮದುವೆಯಾದ ಹೆಂಗಸಿಗೆ ಅದೇ ಅಧಿಕಾರ ಸಿಗಲು ಮಾತ್ರ 2010ರ ತಿದ್ದುಪಡಿ ಬರಬೇಕಾಯಿತು. ವಿದೇಶಿಯರಿಗೆ ಇದ್ದದ್ದು 1890ರ ಪೋಷಕತ್ವದ ಕಾಯ್ದೆಯ ದಾರಿ. ಭಾರತದ ಕೋರ್ಟಿನಿಂದ ಪೋಷಕರೆಂಬ ಆದೇಶ ಪಡೆದು ಮಗುವನ್ನು ಕರೆದೊಯ್ಯುತ್ತಿದ್ದರು. ದತ್ತಿನ ಶಾಸ್ತ್ರವೆಲ್ಲ ಅವರ ದೇಶದಲ್ಲಿ ಮುಗಿಯುತ್ತಿತ್ತು. ಅಲ್ಲಿ ಆ ಮಗು ಏನಾಯಿತೆಂದು ಭಾರತದಿಂದ ಕೇಳುವ ಗಟ್ಟಿ ವ್ಯವಸ್ಥೆ ಇರಲಿಲ್ಲ.

1982ರಲ್ಲಿ ವಕೀಲ ಲಕ್ಷ್ಮೀಕಾಂತ ಪಾಂಡೆ ಈ ಅವ್ಯವಸ್ಥೆಯ ಬಗ್ಗೆ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಕೋರ್ಟು ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿತು. 1984ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ಬರೆದ ತೀರ್ಪು ಇಂದಿಗೂ ಭಾರತದ ದತ್ತು ನೀತಿಯ ಅಡಿಪಾಯ. ಮಗುವಿಗೆ ಮೊದಲು ಭಾರತದಲ್ಲೇ ಮನೆ ಹುಡುಕಬೇಕು, ವಿದೇಶಿ ಅರ್ಜಿಗಳು ಮಾನ್ಯತೆ ಪಡೆದ ಸಂಸ್ಥೆಯ ಮೂಲಕವೇ ಬರಬೇಕು, ದತ್ತು ಪಡೆಯುವವರ ಮನೆಯ ಪರಿಸ್ಥಿತಿಯ ವರದಿ ಇರಬೇಕು ಎಂದು ಅದು ವಿಧಿಸಿತು. ನನಗೆ ಅದರಲ್ಲಿ ಎಲ್ಲಕ್ಕಿಂತ ಹಿರಿದಾಗಿ ಕಾಣುವುದು ಹೆತ್ತವಳ ಬಗೆಗಿನ ಮಾತು. ಹೆರಿಗೆಗೆ ಮುಂಚೆಯಾಗಲಿ, ಹೆರಿಗೆಯಾದ ಮೂರು ತಿಂಗಳೊಳಗಾಗಲಿ ಮಗುವನ್ನು ದತ್ತು ಕೊಡುವ ನಿರ್ಧಾರಕ್ಕೆ ಯಾರೂ ಅವಳನ್ನು ಪ್ರೇರೇಪಿಸಬಾರದು, ಅಂಥ ನಿರ್ಧಾರಕ್ಕೆ ಅವಕಾಶವನ್ನೂ ಕೊಡಬಾರದು ಎಂದಿತು ಕೋರ್ಟು. ಅವಳ ಮನಸ್ಸಿಗೂ ಸಮಯ ಬೇಕು ಎಂಬುದಕ್ಕೆ ದೇಶದ ಅತ್ಯುನ್ನತ ನ್ಯಾಯಾಲಯ ಬೆಲೆ ಕೊಟ್ಟಿತ್ತು.

1990ರಲ್ಲಿ ದತ್ತಿನ ಉಸ್ತುವಾರಿಗೆಂದೇ ಕೇಂದ್ರ ಸಂಸ್ಥೆ ಕಾರಾ ಹುಟ್ಟಿತು. ದೇಶದಿಂದ ದೇಶಕ್ಕೆ ಆಗುವ ದತ್ತಿಗೆ ನಿಯಮ ಹಾಕಿದ 1993ರ ಹೇಗ್ ಒಪ್ಪಂದವನ್ನು ಭಾರತ 2003ರಲ್ಲಿ ಅಂಗೀಕರಿಸಿತು. ಮಕ್ಕಳ ರಕ್ಷಣೆಗಿರುವ ಬಾಲ ನ್ಯಾಯ ಕಾಯ್ದೆಯಡಿ ಯಾವ ಧರ್ಮದವರೂ ದತ್ತು ಪಡೆಯಬಹುದೆಂದು 2014ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು.

ಆದರೂ ಸುಳ್ಳು ಕಾಗದ ನಿಲ್ಲಲಿಲ್ಲ. 1999ರಿಂದ 2001ರ ನಡುವೆ ಆಂಧ್ರದ ಲಂಬಾಣಿ ತಾಂಡಾಗಳಿಂದ ಹೆಣ್ಣು ಶಿಶುಗಳನ್ನು ದಲ್ಲಾಳಿಗಳು ಪುಡಿಗಾಸಿಗೆ ಕೊಂಡು ಹೈದರಾಬಾದಿನ ದತ್ತು ಕೇಂದ್ರಗಳಿಗೆ ಸಾಗಿಸುತ್ತಿದ್ದುದು ಬಯಲಾಯಿತು. ಚೆನ್ನೈನ ಬಡ ಬಡಾವಣೆಗಳಲ್ಲಿ ಕದ್ದ ಮಕ್ಕಳು ದಾಖಲೆಯಲ್ಲಿ ತಾಯಿಯೇ ಒಪ್ಪಿಸಿದ ಮಕ್ಕಳಾಗಿ ನೆದರ್‌ಲ್ಯಾಂಡ್ಸ್‌ಗೂ ಆಸ್ಟ್ರೇಲಿಯಾಕ್ಕೂ ಹೋಗಿದ್ದವು. ಬೀದಿಯಲ್ಲಿ ಮಗುವನ್ನು ಕಳೆದುಕೊಂಡು ಪೊಲೀಸ್ ಠಾಣೆ ಸುತ್ತಿದ ತಾಯಿ ಒಂದು ಕಡೆ. ಒಳ್ಳೆಯ ಮನಸ್ಸಿನಿಂದಲೇ ಆ ಮಗುವನ್ನು ಎದೆಗಪ್ಪಿಕೊಂಡ ದಂಪತಿ ಇನ್ನೊಂದು ಕಡೆ. ನಡುವೆ ಇದ್ದದ್ದು ಬೇರೆ ಯಾರದೋ ಸಹಿ.

ಇದು ನಮ್ಮ ದೇಶದ್ದಷ್ಟೇ ಕಥೆಯಲ್ಲ. ದಕ್ಷಿಣ ಕೊರಿಯಾದ ಸತ್ಯಶೋಧನಾ ಆಯೋಗ 2025ರ ಮಾರ್ಚ್‌ನಲ್ಲಿ, ದತ್ತು ಹೋದ 367 ಮಂದಿಯ ದೂರುಗಳ ಪೈಕಿ ಮೊದಲ ಹಂತದಲ್ಲಿ 56 ಮಂದಿಯ ಮಾನವ ಹಕ್ಕು ಉಲ್ಲಂಘನೆಯಾಗಿದೆ ಎಂದು ಒಪ್ಪಿತು. ಹೆತ್ತವರಿದ್ದೂ ಅನಾಥರೆಂದು ಬರೆದ ದಾಖಲೆಗಳು, ಒಂದು ಮಗುವಿನ ಗುರುತಿನಲ್ಲಿ ಇನ್ನೊಂದನ್ನು ಕಳಿಸಿದ ಪ್ರಸಂಗಗಳು ಅಲ್ಲಿ ಹೊರಬಂದವು. ನೆದರ್‌ಲ್ಯಾಂಡ್ಸ್ ತನಿಖೆಯೊಂದರ ನಂತರ 2021ರಲ್ಲಿ ವಿದೇಶಿ ದತ್ತನ್ನು ತಡೆಹಿಡಿಯಿತು. 2024ರಲ್ಲಿ ಅದನ್ನು ಹಂತಹಂತವಾಗಿ ಮುಗಿಸಲು ತೀರ್ಮಾನಿಸಿತು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಮತ್ತು ಟುರ್ಗಾವ್ ಪ್ರಾಂತಗಳು 1973ರಿಂದ 2002ರವರೆಗೆ ಭಾರತದಿಂದ ಬಂದ ದತ್ತು ಮಕ್ಕಳ ಕಡತಗಳನ್ನು ಸಂಶೋಧಕರಿಂದ ಪರಿಶೀಲನೆ ಮಾಡಿಸಿದವು. ಅವರು ಹುಡುಕಿಯೂ ಕಾಣದೆ ಹೋದದ್ದು ಹೆತ್ತ ತಾಯಿಯ ಒಪ್ಪಿಗೆ ಪತ್ರವನ್ನು. ಮಗು ಸಮುದ್ರ ದಾಟಿತ್ತು, ತಾಯಿಯ ಮಾತು ದಾಟಿರಲಿಲ್ಲ.

ಬಡತನ ಮಾತ್ರವಲ್ಲ, ಮರ್ಯಾದೆಯ ಭಯವೂ ಈ ಸುಳ್ಳನ್ನು ಹುಟ್ಟಿಸುತ್ತದೆ. 2021ರಲ್ಲಿ ತಿರುವನಂತಪುರದ ಯುವತಿಯೊಬ್ಬಳು, ಮದುವೆಗೆ ಮುಂಚೆ ಹುಟ್ಟಿದ ತನ್ನ ಮಗುವನ್ನು ತನ್ನ ತಂದೆತಾಯಿಯೇ ತನ್ನ ಒಪ್ಪಿಗೆಯಿಲ್ಲದೆ ದತ್ತಿಗೆ ಒಪ್ಪಿಸಿಬಿಟ್ಟರೆಂದು ಧರಣಿ ಕೂತಳು. ಆ ಹೊತ್ತಿಗೆ ಮಗು ಆಂಧ್ರದ ದಂಪತಿಯೊಬ್ಬರ ಮನೆ ಸೇರಿತ್ತು. ಡಿಎನ್‌ಎ ಪರೀಕ್ಷೆಯಾಗಿ, ನವೆಂಬರ್‌ನಲ್ಲಿ ಕುಟುಂಬ ನ್ಯಾಯಾಲಯ ಮಗುವನ್ನು ತಾಯಿಯ ಕೈಗೆ ಕೊಡಿಸಿತು. ಆ ಆಂಧ್ರ ದಂಪತಿಯ ಸಂಕಟವನ್ನೂ ನಾವು ಮರೆಯಬಾರದು. ಅವರದೇನೂ ತಪ್ಪಿರಲಿಲ್ಲ. ಮೊದಲ ಹಾಳೆಯಲ್ಲೇ ತಾಯಿಯ ಮಾತನ್ನು ಸರಿಯಾಗಿ ಕೇಳಿ ಬರೆದಿದ್ದರೆ ಎರಡು ಮನೆಗಳ ನೋವು ತಪ್ಪುತ್ತಿತ್ತು.

ಈಗಿನ ಕಾನೂನು ಆ ಮೊದಲ ಹಾಳೆಯನ್ನು ಭದ್ರಪಡಿಸಲು ನೋಡುತ್ತದೆ. ಮಗುವನ್ನು ಒಪ್ಪಿಸುವವರು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರಬೇಕು, ಅವರಿಗೆ ಆಪ್ತಸಮಾಲೋಚನೆ ಆಗಬೇಕು, ಸಹಿ ಹಾಕಿದ ಮೇಲೂ ಮನಸ್ಸು ಬದಲಿಸಲು ಎರಡು ತಿಂಗಳ ಅವಕಾಶವಿದೆ. ಸಿಕ್ಕಿದ ಮಗುವಾದರೆ ಹೆತ್ತವರಿಗಾಗಿ ಹುಡುಕಾಟ ನಡೆದ ಮೇಲಷ್ಟೇ ಅದನ್ನು ದತ್ತು ಕೊಡಬಹುದೆಂದು ಸಮಿತಿ ಘೋಷಿಸಬೇಕು. ಅರ್ಜಿ, ಸರದಿ, ಮಗುವಿನ ವಿವರ ಎಲ್ಲವೂ ಕಾರಾದ ಆನ್‌ಲೈನ್ ವ್ಯವಸ್ಥೆಯಲ್ಲೇ ನಡೆಯುತ್ತದೆ. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶವನ್ನು ಕೋರ್ಟಿನ ಬದಲು ಜಿಲ್ಲಾಧಿಕಾರಿಯೇ ಕೊಡುತ್ತಾರೆ. ಮಗುವನ್ನು ಮಾರುವುದಕ್ಕೂ ಕೊಳ್ಳುವುದಕ್ಕೂ ಐದು ವರ್ಷದವರೆಗೆ ಕಠಿಣ ಸಜೆಯಿದೆ. ಆಸ್ಪತ್ರೆಯ ಸಿಬ್ಬಂದಿ ಹಾಗೆ ಮಾಡಿದರೆ ಏಳು ವರ್ಷದವರೆಗೆ.

ಹೀಗಿದ್ದೂ ಅಡ್ಡದಾರಿಯ ಆಸೆ ಯಾಕೆ ಹೋಗುವುದಿಲ್ಲ? 2024–25ರಲ್ಲಿ ಕಾರಾ ಮೂಲಕ ಮನೆ ಸೇರಿದ ಮಕ್ಕಳು 4,515. ಹನ್ನೆರಡು ವರ್ಷಗಳಲ್ಲೇ ಅದು ಅತಿ ಹೆಚ್ಚಿನ ಸಂಖ್ಯೆ. ಸರದಿಯಲ್ಲಿ ನಿಂತ ದಂಪತಿಗಳೋ ಮೂವತ್ತು ಸಾವಿರಕ್ಕೂ ಹೆಚ್ಚು. ಹೆಚ್ಚಿನವರು ಕೇಳುವುದು ಎಳೆಯ, ಆರೋಗ್ಯವಂತ ಕೂಸನ್ನು. ದೊಡ್ಡ ಮಕ್ಕಳು, ಒಟ್ಟಿಗೇ ಇರಬೇಕಾದ ಅಣ್ಣತಂಗಿಯರು, ವಿಶೇಷ ಆರೈಕೆ ಬೇಕಾದವರು ಶಿಶುಮಂದಿರಗಳಲ್ಲೇ ಬೆಳೆಯುತ್ತಾರೆ. ವರ್ಷಗಟ್ಟಲೆ ಕಾದು ಸೋತವರ ಕಿವಿಗೆ ಯಾರೋ ಬಂದು, ‘ನರ್ಸಿಂಗ್ ಹೋಮಿನಲ್ಲಿ ಒಂದು ಮಗು ಇದೆ, ಜನನ ಪ್ರಮಾಣಪತ್ರ ನಿಮ್ಮ ಹೆಸರಿಗೇ ಆಗುತ್ತದೆ’ ಎನ್ನುತ್ತಾರೆ. ಮಕ್ಕಳಿಲ್ಲದ ನೋವು ದೊಡ್ಡದು, ಅದನ್ನು ಹಗುರ ಮಾಡಿ ನಾನು ಮಾತಾಡಲಾರೆ. ಆದರೆ ಆ ಪ್ರಮಾಣಪತ್ರ ಕೈಗೆ ಬಂದ ಗಳಿಗೆಯಲ್ಲೇ ಒಂದು ಮಗುವಿನ ಹುಟ್ಟು ಅಳಿಸಿಹೋಗುತ್ತದೆ, ಇನ್ನೊಬ್ಬ ಹೆಣ್ಣು ತಾಯಿಯೇ ಆಗಿರಲಿಲ್ಲ ಎಂದಾಗುತ್ತದೆ.

ಹೊರದೇಶದಲ್ಲಿರುವ ನಮಗೆ ಈ ಮಾತು ನೇರವಾಗಿ ತಾಗುತ್ತದೆ. ಭಾರತೀಯ ಪಾಸ್‌ಪೋರ್ಟ್ ಇರುವ ಅನಿವಾಸಿಗಳಿಗೆ ಸರದಿಯಲ್ಲಿ ದೇಶದಲ್ಲಿರುವವರ ಸಮಾನ ಸ್ಥಾನವಿದೆ. ಇದರ ಜೊತೆಗೆ ಮನೆಯೊಳಗಿನ ದತ್ತು ನಮ್ಮವರಲ್ಲಿ ಸಾಮಾನ್ಯ: ಮಕ್ಕಳಿಲ್ಲದ ಅಣ್ಣ ಅಮೆರಿಕದಲ್ಲಿ, ಮೂರು ಮಕ್ಕಳ ತಂಗಿ ಹಾಸನದಲ್ಲೋ ಹಾವೇರಿಯಲ್ಲೋ. ‘ನಿನ್ನ ಮಗು ಅಲ್ಲಿ ಚೆನ್ನಾಗಿ ಓದುತ್ತೆ’ ಎಂದು ಹಿರಿಯರು ಹೇಳಿದಾಗ ತಂಗಿಗೆ ಬೇಡವೆನ್ನುವ ಧೈರ್ಯ ಎಷ್ಟಿರುತ್ತದೆ? ಅಣ್ಣನ ಹಣದ ಋಣ, ಅತ್ತೆಮನೆಯ ಒತ್ತಾಯ ಇವುಗಳ ನಡುವೆ ಸಿಕ್ಕ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲಾಗದು. ಸಂಬಂಧಿಕರೊಳಗಿನ ದತ್ತಿಗೆ ಐದು ವರ್ಷ ದಾಟಿದ ಮಗುವಿನ ಒಪ್ಪಿಗೆಯೂ ಬೇಕೆಂದು ನಿಯಮವಿದೆ. ಹಿರಿಯರ ನಡುವೆ ಮಾತು ಮುಗಿಯುವ ಮೊದಲು ಆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಬೇಕು. ಕೆಲವರು ಮೊದಲು ಊರಿನ ನೋಂದಣಿ ಕಚೇರಿಯಲ್ಲಿ ದತ್ತಕ ಪತ್ರ ಮಾಡಿಸಿ ಆಮೇಲೆ ವೀಸಾಕ್ಕೆ ಓಡಾಡುತ್ತಾರೆ. ಹೇಗ್ ಒಪ್ಪಂದದ ಕ್ರಮದಲ್ಲಿ ದತ್ತು ಪಡೆಯುವವರ ಅರ್ಹತೆ ಮೊದಲು ಅವರು ನೆಲೆಸಿದ ದೇಶದಲ್ಲಿ ತೀರ್ಮಾನವಾಗಬೇಕು, ಎರಡೂ ಸರಕಾರಗಳು ಒಪ್ಪಬೇಕು, ಕಾರಾದ ನಿರಾಕ್ಷೇಪಣಾ ಪತ್ರ ಬೇಕು. ಕ್ರಮ ತಪ್ಪಿದರೆ ಹೆತ್ತ ಮನೆಗೂ ಸಾಕುವ ಮನೆಗೂ ನಡುವೆ ಮಗು ವರ್ಷಗಟ್ಟಲೆ ಸಿಕ್ಕಿಕೊಳ್ಳುತ್ತದೆ.

ಕಾಗದದ ಕೆಲಸ ಮಗು ಬಂದ ಮೇಲೂ ಮುಗಿಯುವುದಿಲ್ಲ. ಅಮೆರಿಕದ ಮಕ್ಕಳ ಪೌರತ್ವ ಕಾಯ್ದೆ 2001ರ ಫೆಬ್ರವರಿ 27ರಂದು ಜಾರಿಗೆ ಬಂದಾಗ ಹದಿನೆಂಟು ದಾಟಿದ್ದ ದತ್ತು ಮಕ್ಕಳನ್ನು ಹೊರಗೇ ಬಿಟ್ಟಿತು. ಎಳವೆಯಲ್ಲಿ ಮುಂಬೈನಿಂದ ಅಮೆರಿಕಕ್ಕೆ ದತ್ತು ಬಂದಿದ್ದ ಮಹಿಳೆಯೊಬ್ಬರನ್ನು 2008ರಲ್ಲಿ ಭಾರತಕ್ಕೆ ಗಡೀಪಾರು ಮಾಡಲಾಯಿತು. ಅವರ ಪೌರತ್ವದ ಕಾಗದವನ್ನು ದೊಡ್ಡವರು ಯಾರೂ ಪೂರ್ತಿ ಮಾಡಿರಲಿಲ್ಲ. ಗಂಡ, ಮಕ್ಕಳು ಅಮೆರಿಕದಲ್ಲೇ ಉಳಿದರು.

ಇನ್ನು ಮಗುವಿಗೆ ಹೇಳುವ ಮಾತು. ನಮ್ಮ ಸಮಾಜದಲ್ಲಿ ದತ್ತಿನ ವಿಷಯವನ್ನು ಮಗುವಿಗೆ ಮದುವೆಯವರೆಗೂ ತಿಳಿಸದವರಿದ್ದಾರೆ. ಜಾತಕ, ಗೋತ್ರ ಕೇಳುವ ಹೊತ್ತಿನಲ್ಲಿ ಯಾರೋ ದೂರದ ನೆಂಟರ ಬಾಯಿಂದ ಅದು ಹೊರಬೀಳುತ್ತದೆ. ಈಗಂತೂ ಅಂಗಡಿಯಲ್ಲಿ ಕೊಂಡ ಡಿಎನ್‌ಎ ಪರೀಕ್ಷೆ ಮನೆಯವರಿಗಿಂತ ಮೊದಲೇ ಹೇಳಿಬಿಡುತ್ತದೆ. ಮಾತು ಬರುವ ಮೊದಲೇ ಮಗುವಿಗೆ ಅದರ ಕಥೆ ಹೇಳಲು ಶುರು ಮಾಡಬೇಕು, ಅದರ ಬುದ್ಧಿ ಬೆಳೆದಂತೆ ಕಥೆಯೂ ಬೆಳೆಯಬೇಕು. ‘ನೀವು ದೊಡ್ಡ ಪುಣ್ಯದ ಕೆಲಸ ಮಾಡಿದ್ದೀರಿ’ ಎಂದು ಮಗುವಿನ ಎದುರೇ ಹೊಗಳುವುದನ್ನು ನಾವು ಬಿಡಬೇಕು. ಆ ಮಾತಿನಿಂದ ಮಗುವಿನ ತಲೆಯ ಮೇಲೆ ತೀರದ ಋಣವೊಂದು ಕೂರುತ್ತದೆ. ಮನೆ ಸಿಗುವುದು ಮಗುವಿನ ಹಕ್ಕು. ತಾನು ಯಾರಿಗೆ ಹುಟ್ಟಿದೆ ಎಂದು ಕೇಳುವುದೂ ಅದರ ಹಕ್ಕು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಅದನ್ನು ಸ್ಪಷ್ಟವಾಗಿ ಗುರುತಿಸಿದೆ.

ದಶಕಗಳ ಹಿಂದೆ ಕರ್ನಾಟಕದಿಂದ ಯುರೋಪು, ಅಮೆರಿಕಗಳಿಗೆ ಹೋದ ಮಕ್ಕಳು ಈಗ ನಡುವಯಸ್ಸಿನವರು. ಬೇರು ಹುಡುಕಲು ಹೊರಟವರ ಕೈಯಲ್ಲಿ ಕನ್ನಡದ ಕೈಬರಹದ ಹಾಳೆ ಇದ್ದರೆ ಅವರಿಗೆ ಅದನ್ನು ಓದಲು ಬಾರದು. ಅದನ್ನು ನಾವು ಓದಿ ಹೇಳಬಲ್ಲೆವು: ಯಾವ ತಾಲ್ಲೂಕು, ಬರೆದದ್ದು ಊರಿನ ಹೆಸರೋ ಮನೆತನದ ಹೆಸರೋ, ಕೆಳಗಿರುವುದು ಯಾರ ಹೆಬ್ಬೆಟ್ಟು ಎಂದು. ಆದರೆ ಓದಿ ಹೇಳುವಲ್ಲಿಗೆ ನಮ್ಮ ಕೆಲಸ ನಿಲ್ಲಬೇಕು. ಹುಡುಕಾಟ ಕಾರಾ ಮತ್ತು ದತ್ತು ಸಂಸ್ಥೆಯ ಮೂಲಕವೇ ನಡೆಯಬೇಕು. ಅಂದು ಹದಿನೆಂಟರ ಹುಡುಗಿಯಾಗಿದ್ದವಳು ಇಂದು ಮೊಮ್ಮಕ್ಕಳ ಅಜ್ಜಿಯಾಗಿರಬಹುದು, ಅವಳ ಗಂಡನಿಗೂ ಆ ಹೆರಿಗೆಯ ಸುದ್ದಿ ಗೊತ್ತಿಲ್ಲದಿರಬಹುದು. ಬೇಡವೆನ್ನುವ ಹಕ್ಕು ಅವಳಿಗೂ ಇದೆ. ಒಂದು ಕಾಲದಲ್ಲಿ ಯಾರೂ ಅವಳನ್ನು ಕೇಳಲಿಲ್ಲ; ಈಗಲಾದರೂ ಕೇಳಿ, ಅವಳ ಉತ್ತರಕ್ಕೆ ಬೆಲೆ ಕೊಡಬೇಕು.

ಹೆತ್ತವಳ ಕೈಯಲ್ಲೇ ಮಗು ಉಳಿಯುವಂತಿದ್ದರೆ ಅದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ. ಕೇಂದ್ರ ಸರಕಾರದ ಮಿಷನ್ ವಾತ್ಸಲ್ಯ ಯೋಜನೆಯಡಿ ಕಷ್ಟದಲ್ಲಿರುವ ಮಗುವಿಗೆ ಮನೆಯಲ್ಲೇ ಇದ್ದು ಬೆಳೆಯಲು ತಿಂಗಳಿಗೆ 4,000 ರೂಪಾಯಿ ನೆರವಿದೆ. ಹುಟ್ಟುಹಬ್ಬ, ಪುಣ್ಯತಿಥಿಗಳಿಗೆ ಅನಾಥಾಲಯಗಳಿಗೆ ಹಣ ಕಳಿಸುವ ನಾವು ಒಂಟಿ ತಾಯಂದಿರ ಕೈ ಹಿಡಿಯುವ, ಅವರ ಮಕ್ಕಳನ್ನು ಓದಿಸುವ ಸಂಸ್ಥೆಗಳ ಕಡೆಗೂ ಅದನ್ನು ತಿರುಗಿಸಬೇಕು.

ನಮ್ಮ ಕನ್ನಡ ಕೂಟಕ್ಕೆ ನನ್ನದೊಂದು ಬೇಡಿಕೆಯಿದೆ. ಹಳೆಯ ಕನ್ನಡ ದಾಖಲೆಗಳನ್ನು ಗುಟ್ಟು ಕಾಯ್ದು ಓದಿಕೊಡಬಲ್ಲ, ದತ್ತು ಬಯಸುವ ದಂಪತಿಗಳಿಗೆ ಸರಿಯಾದ ಕ್ರಮ ತಿಳಿಸಬಲ್ಲ, ದತ್ತು ಮಕ್ಕಳ ತಂದೆತಾಯಿಗಳನ್ನು ಒಂದೆಡೆ ಸೇರಿಸಬಲ್ಲ ನಾಲ್ಕಾರು ಜನರ ತಂಡವೊಂದನ್ನು ಈ ವರ್ಷವೇ ಕಟ್ಟೋಣ. ನಮ್ಮಲ್ಲಿ ವಕೀಲರಿದ್ದಾರೆ, ವೈದ್ಯರಿದ್ದಾರೆ, ಮೋಡಿ ಅಕ್ಷರವನ್ನೂ ಬಿಡಿಸಿ ಓದಬಲ್ಲ ಹಿರಿಯರಿದ್ದಾರೆ. ಕಾನೂನು ತಿದ್ದುವುದು ಸರಕಾರದ ಕೆಲಸವಾದರೆ, ಕಾನೂನು ಕೇಳುವ ಸತ್ಯವನ್ನು ಮನೆಯೊಳಗೆ ಉಳಿಸಿಕೊಳ್ಳುವುದು ನಮ್ಮ ಕೆಲಸ. ದತ್ತು ಬಂದ ಮಗು ಮುಂದೊಂದು ದಿನ ತನ್ನ ಕಡತ ಬಿಚ್ಚಿ ಓದಿದಾಗ ಅದರಲ್ಲಿ ಯಾರಿಗೂ ಆದ ಮೋಸ ಕಾಣಬಾರದು ಎಂದರೆ, ಆ ಕಡತದ ಪ್ರತಿ ಹಾಳೆಗೂ ಇಂದು ದೊಡ್ಡವರಾದ ನಾವು ಉತ್ತರ ಹೇಳಬಲ್ಲವರಾಗಿರಬೇಕು.